ಹೊಸದುರ್ಗಕ್ಕೆ ಪೆಟ್ಟಾಗಿದೆ

ಚಿತ್ರದುರ್ಗದ ಸೀಮೆಯ ಮಕ್ಕಳಿಗೆ ಯುದ್ಧದ ಕಥೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಶಾಲೆಯಿಂದ ಹೊರಡುವ ಮೊದಲನೆಯ ಪ್ರವಾಸವೇ ಕೋಟೆಗೆ. ಓಬವ್ವನ ಕಿಂಡಿಯ ಮುಂದೆ ನಿಂತು, ತಾನು ಓಬವ್ವನಾಗಬೇಕು, ನೀನು ಹೈದರನ ಸಿಪಾಯಿಯಾಗಬೇಕು ಎಂದು ಜಗಳವಾಡದೆ ಹಿಂದಿರುಗಿದ ಹುಡುಗನಾಗಲಿ ಹುಡುಗಿಯಾಗಲಿ ಆ ಊರಿನಲ್ಲಿ ಸಿಕ್ಕುವುದು ಕಷ್ಟ. ಆದರೆ ಈ ಕಥೆಯಲ್ಲಿ ಒಂದು ವಿಚಿತ್ರವಿದೆ. ಅದರಲ್ಲಿ ಸತ್ತವರಿದ್ದಾರೆ, ಗೆದ್ದವರಿದ್ದಾರೆ, 1779ರಲ್ಲಿ ಸೋತು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಮದಕರಿನಾಯಕನೂ ಇದ್ದಾನೆ. ಗಾಯಗೊಂಡವರು ಮಾತ್ರ ಇಲ್ಲ. ಏಳು ಸುತ್ತಿನ ಕೋಟೆಯ ಮೇಲೆ ಯಾರ ಕಾಲು ಮುರಿಯಿತು, ಯಾರು ಅವನನ್ನು ಹೊತ್ತು ತಂದರು, ಯಾವ ಮಂಟಪದ ನೆರಳಿನಲ್ಲಿ ಮಲಗಿಸಿದರು ಎಂದು ಕೇಳಿದ ಮಗುವೂ ಇಲ್ಲ, ಹೇಳಿದ ಮೇಷ್ಟರೂ ಇಲ್ಲ.

ನಮ್ಮ ವೀರಗಲ್ಲುಗಳ ರೀತಿಯೂ ಇದೇ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಹೋರಾಡುತ್ತಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಬಾಣ ನೆಟ್ಟ ತೊಡೆಯನ್ನು ಹಿಡಿದುಕೊಂಡು ನೀರು ಬೇಡುತ್ತಿದ್ದ ಒಂದು ರಾತ್ರಿಯೋ ಒಂದು ಹಗಲೋ ಇದ್ದಿರಲೇಬೇಕಷ್ಟೆ. ಅದನ್ನು ಕೆತ್ತಿದ ಶಿಲ್ಪಿ ಅಪರೂಪ. ನೆತ್ತರುಗೊಡಗೆಯೆಂದು ಅರಸರು ಕೊಟ್ಟ ಭೂಮಿಯೂ ಹೆಚ್ಚಾಗಿ ಮಡಿದವನ ಮನೆಯವರಿಗೆ ಸೇರಿದ್ದೇ ಹೊರತು, ಕುಂಟುತ್ತ ಮನೆಗೆ ಮರಳಿದವನಿಗಲ್ಲ.

ಈ ವಿಷಯವು ಹಿರಿಯೂರಿನ ಒಂದು ಮನೆಯ ಹಜಾರದಲ್ಲಿ ಎದ್ದು ನಿಂತದ್ದು ಕೋಟೆಯಿಂದಲೂ ಅಲ್ಲ, ಶಾಸನದಿಂದಲೂ ಅಲ್ಲ. ದುರ್ಗದಿಂದ ರಜೆಗೆ ಬಂದ ಮೊಮ್ಮಗನೊಬ್ಬನು ಚೀಲದಲ್ಲಿ ಹೊತ್ತು ತಂದ ಲ್ಯಾಪ್‌ಟಾಪಿನಿಂದ.

ಮನೆಯ ಯಜಮಾನರು ಸೈನ್ಯದ ವೈದ್ಯದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇವೆ ಸಲ್ಲಿಸಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಬೆಳಗಿನ ಐದಕ್ಕೆ ಎದ್ದು ಹಾಸಿಗೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸುವ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಯುದ್ಧದ ಮಾತನ್ನು ಮಾತ್ರ ಆಡುತ್ತಿರಲಿಲ್ಲ. ಬೀದಿಯ ಹುಡುಗರು ಕೇಳಿದರೆ, "ನಾನು ಬಂದೂಕು ಹಿಡಿದವನಲ್ಲಪ್ಪ, ಬ್ಯಾಂಡೇಜು ಸುತ್ತಿದವನು" ಎಂದು ನಕ್ಕು ತೆಂಗಿನ ಬುಡಕ್ಕೆ ನೀರು ಬಿಡಲು ಹೋಗುತ್ತಿದ್ದರು.

ಮೊಮ್ಮಗನು ಆಡುತ್ತಿದ್ದುದು ಆರ್ಮಾ 3 ಎಂಬ ಆಟ. ಚೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಎಂಬ ಸಂಸ್ಥೆ ಅದನ್ನು 2013ರಲ್ಲಿ ಹೊರತಂದಿತು. ಅದೇ ಸಂಸ್ಥೆಯು 2001ರಲ್ಲಿ ಆಪರೇಷನ್ ಫ್ಲ್ಯಾಶ್‌ಪಾಯಿಂಟ್ ಎಂಬ ಆಟವನ್ನು ತಯಾರಿಸಿದಾಗ, ಅದರ ಯಂತ್ರಾಂಗವನ್ನೇ ಆಧರಿಸಿದ ಇನ್ನೊಂದು ರೂಪವನ್ನು ಅಮೆರಿಕದ ಮತ್ತು ಆಸ್ಟ್ರೇಲಿಯದ ಸೇನೆಗಳು ತಮ್ಮ ತರಬೇತಿಗೆ ತೆಗೆದುಕೊಂಡವೆಂದರೆ, ಇದು ಬರಿಯ ಪಟಾಕಿ ಸಿಡಿಸುವ ಆಟವಲ್ಲವೆಂಬುದು ವಾಚಕರಿಗೆ ಮನದಟ್ಟಾದೀತು. ಸಾಮಾನ್ಯವಾದ ಗುಂಡಿನಾಟಗಳಲ್ಲಿ ಪೆಟ್ಟು ತಿಂದವನು ಗೋಡೆಯ ಮರೆಯಲ್ಲಿ ನಾಲ್ಕು ಉಸಿರು ಎಳೆದುಕೊಂಡರೆ ಸಾಕು, ಗಾಯ ಮಾಯವಾಗುತ್ತದೆ. ಈ ವಂಶದ ಆಟಗಳಲ್ಲಿ ಹಾಗಲ್ಲ. ಕೈಗೆ ತಗುಲಿದರೆ ಗುರಿ ನಡುಗುತ್ತದೆ. ಆ ಹಳೆಯ ಆಟದಲ್ಲಂತೂ ಕಾಲಿಗೆ ಬಲವಾಗಿ ತಗುಲಿದವನು ಎದ್ದು ನಿಲ್ಲಲಾರ, ತೆವಳಿಯೇ ಹೋಗಬೇಕು.

ಆಡುವವನು ಒಬ್ಬನೇ, ಆದರೆ ಅವನ ಕೈಕೆಳಗೆ ಒಂದು ಸಣ್ಣ ತುಕಡಿ ಇರುತ್ತದೆ. ಆ ತುಕಡಿಯ ಸಿಪಾಯಿಗಳನ್ನು ನಡೆಸುವುದು ಗಣಕಯಂತ್ರದ ಕೃತಕ ಬುದ್ಧಿ. ಅವರನ್ನು ಒಂದು, ಎರಡು, ಮೂರು ಎಂಬ ಅಂಕೆಗಳಿಂದ ಕರೆಯುವುದು ಪದ್ಧತಿ. ನಾಯಕನು ಒಂದೊಂದು ಕೀಲಿಯನ್ನೊತ್ತಿ ಒಬ್ಬೊಬ್ಬನನ್ನು ಆರಿಸಿ ಆಜ್ಞೆ ಕೊಡುತ್ತಾನೆ. ಪೆಟ್ಟು ತಿಂದವನು ಕೂಗಿ ಹೇಳುತ್ತಾನೆ. ಪ್ರತಿಯೊಬ್ಬ ಸಿಪಾಯಿಯ ಬಳಿಯಲ್ಲೂ ಪ್ರಥಮ ಚಿಕಿತ್ಸೆಯ ಪೊಟ್ಟಣವಿರಬಹುದು. ಅದು ಒಂದೇ ಬಾರಿಗೆ ಮುಗಿಯುತ್ತದೆ, ಗಾಯವನ್ನು ಅರ್ಧಂಬರ್ಧ ಮಾತ್ರ ವಾಸಿಮಾಡುತ್ತದೆ. ಪೂರ್ತಿ ಗುಣಪಡಿಸಬಲ್ಲವನು ಔಷಧದ ದೊಡ್ಡ ಚೀಲ ಹೊತ್ತ ವೈದ್ಯ ಸಿಪಾಯಿಯೊಬ್ಬನೇ.

ಅಂಕೆಗಳಿಗೆ ಬೇಸತ್ತು ಹುಡುಗನು ತನ್ನ ತುಕಡಿಗೆ ಹೆಸರಿಟ್ಟಿದ್ದ. ದುರ್ಗದಲ್ಲಿ ತಾಯಿತಂದೆಯರು, ಹಿರಿಯೂರಿನಲ್ಲಿ ತಾತ ಅಜ್ಜಿ, ಹೊಸದುರ್ಗದಲ್ಲಿ ಅತ್ತೆ, ಹೊಳಲ್ಕೆರೆಯಲ್ಲಿ ಚಿಕ್ಕಪ್ಪ. ಹೀಗೆ ಕುಟುಂಬಕ್ಕೆ ನಾಲ್ಕು ಮನೆಗಳು. ನಾಯಕನಾದ ತಾನು ಒಂದು, ಅಂದರೆ ದುರ್ಗ. ಎರಡು ಹಿರಿಯೂರು. ಮೂರು ಹೊಸದುರ್ಗ. ನಾಲ್ಕನೆಯವನು ವೈದ್ಯ. ಚಿಕ್ಕಪ್ಪನಿಗೆ ಔಷಧದ ಅಂಗಡಿಯಿದ್ದುದರಿಂದ ಅವನಿಗೆ ಹೊಳಲ್ಕೆರೆ ಎಂಬ ಹೆಸರು ತಾನಾಗಿಯೇ ಒದಗಿತು. ಆ ಊರಿನ ಬಯಲು ಗಣಪನಂತೆ ಅವನಿಗೂ ತಲೆಯ ಮೇಲೆ ಮರೆಯಿಲ್ಲ. ಯಾರು ಕೂಗಿದರೂ ಬಟ್ಟಬಯಲಿಗೆ ಓಡಿ ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಹಜಾರದಿಂದ ಹುಡುಗನ ಕೂಗು ಕೇಳಿಸಿತು.

"ಅಯ್ಯೋ! ಹೊಸದುರ್ಗಕ್ಕೆ ಪೆಟ್ಟಾಯಿತು! ಎದೆಗೇ ಬಿತ್ತು!"

ಅಡಿಗೆಮನೆಯಿಂದ ಅಜ್ಜಿ ಸೌಟು ಹಿಡಿದೇ ಓಡಿಬಂದರು. "ಶಿವನೇ! ಯಾರಿಗೆ ಬಿತ್ತೋ? ನಿಮ್ಮತ್ತೆಗೋ ಮಾವನಿಗೋ? ಫೋನು ಯಾವಾಗ ಬಂತು?"

"ಅತ್ತೆಗಲ್ಲ ಅಜ್ಜಿ, ಇವನಿಗೆ. ಇಗೋ ಇವನೇ ಹೊಸದುರ್ಗ."

ಅಜ್ಜಿಗೆ ಸಂಗತಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, ಬದುಕಿರುವವರ ಊರಿನ ಹೆಸರನ್ನು ಗುಂಡಿನ ಬಾಯಿಗೆ ಕೊಡುವ ಆಟವನ್ನು ಕಂಡುಹಿಡಿದವರಿಗೂ ಆಡುವವರಿಗೂ ಒಟ್ಟಿಗೇ ಸಹಸ್ರನಾಮ ಮಾಡಿ ಒಳಗೆ ಹೋದರು. ಆ ಗದ್ದಲಕ್ಕೆ ಜಗಲಿಯಿಂದ ಎದ್ದು ಬಂದ ತಾತ ಮಾತ್ರ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕುಳಿತುಬಿಟ್ಟರು.

ಪರದೆಯಲ್ಲಿ ಒಣ ಹುಲ್ಲಿನ ಇಳಿಜಾರು; ಹಿರಿಯೂರಿನ ಕಡೆಯ ಗುಡ್ಡಗಳಂತೆಯೇ ಇತ್ತು. ನಡುವೆ ಹೊಸದುರ್ಗ ಬಿದ್ದಿದ್ದ. ಹುಡುಗನು ವೈದ್ಯನಿಗೆ ಆಜ್ಞೆ ಕೊಟ್ಟ. ಹೊಳಲ್ಕೆರೆ ಒಂದು ಕ್ಷಣವೂ ಅನುಮಾನಿಸದೆ, ಎಡಬಲ ನೋಡದೆ, ನೆಟ್ಟನೆ ಬಯಲಿಗೆ ಓಡಿದ. ಹತ್ತು ಹೆಜ್ಜೆಯಲ್ಲಿ ಅವನೂ ಬಿದ್ದ.

"ಇವರಿಗೆ ಬುದ್ಧಿಯೇ ಇಲ್ಲ ತಾತ," ಎಂದ ಹುಡುಗ ಸಿಟ್ಟಿನಿಂದ.

"ಅವನಿಗೆ ಇಲ್ಲ ಸರಿ. ಕಳಿಸಿದವನಿಗೆ ಇತ್ತೇನೋ?"

ಹುಡುಗನು ಉತ್ತರ ಕೊಡಲಿಲ್ಲ. ಯಂತ್ರಬುದ್ಧಿಯ ಈ ಜೊತೆಗಾರರಲ್ಲಿ ವಿಧೇಯತೆ ಅಪಾರ, ವಿವೇಕ ಅಲ್ಪ. ಹೋಗೆಂದರೆ ಹೋಗುತ್ತಾರೆ, ಇಲ್ಲೇ ಇರೆಂದರೆ ರಕ್ತ ಸುರಿಯುತ್ತಿದ್ದರೂ ಅಲ್ಲೇ ಇರುತ್ತಾರೆ. ನಾಯಕನು ಮರೆತರೆ ತಾವಾಗಿ ನೆನಪಿಸುವುದು ಕಡಿಮೆ. ಆದ್ದರಿಂದ ಅವರ ಗಾಯದ ಹೊಣೆಯೆಲ್ಲ ಆಡುವವನ ತಲೆಯ ಮೇಲೆಯೇ ಬರುತ್ತದೆ. ಆಟದಲ್ಲಿ ಪಳಗಿದವರು ಗುಂಡು ಹಾರಿಸುವುದಕ್ಕಿಂತ ಇದೇ ಕಷ್ಟವೆನ್ನುತ್ತಾರೆ. ಪಳಗದವರು ಬಿದ್ದವನನ್ನು ಬಿಟ್ಟು ಮುಂದೆ ನಡೆಯುತ್ತಾರೆ. ಯಂತ್ರದವನು ತಾನೇ, ಅವನಿಗೆ ನೋವೆಲ್ಲಿ?

ಆ ದಿನದಿಂದ ಊಟವಾದ ಮೇಲಿನ ಒಂದು ಗಂಟೆ ತಾತನ ಪಾಠ ನಡೆಯಿತು. ಮೊದಲು ಶತ್ರುವಿನ ಕಣ್ಣು ಕಟ್ಟು, ಅಂದರೆ ಹೊಗೆಯ ಗುಂಡು ಎಸೆ. ಎರಡನೆಯವನು ಅತ್ತ ಗುಂಡು ಹಾರಿಸುತ್ತಿರಲಿ. ನಡೆಯಬಲ್ಲ ಗಾಯಾಳುವನ್ನು ವೈದ್ಯನಿದ್ದಲ್ಲಿಗೆ ಕರೆ; ವೈದ್ಯನನ್ನು ಅವನಲ್ಲಿಗೆ ಅಟ್ಟಬೇಡ. ನಡೆಯಲಾರದವನಾದರೆ ಮರೆಗೆ ಎಳೆದು ತಂದ ಮೇಲೆ ಚೀಲ ಬಿಚ್ಚಿಸು. ಕೆಲವು ದಿನಗಳಾದ ಮೇಲೆ ಹುಡುಗನು ಏಸ್ ಎಂಬ ಇನ್ನೊಂದು ಜೋಡಣೆಯನ್ನು ಆಟಕ್ಕೆ ಸೇರಿಸಿದ. ಅದರಲ್ಲಿ ಒಂದೊಂದು ಅವಯವದ ಗಾಯಕ್ಕೂ ಬೇರೆ ಬೇರೆ ಪಟ್ಟಿ, ರಕ್ತ ಕಟ್ಟಲು ಬಿಗಿಪಟ್ಟಿ, ನೋವಿಗೆ ಮಾರ್ಫೀನ್, ರಕ್ತದ ಚೀಲ, ನಾಡಿ ನೋಡುವ ಏರ್ಪಾಡು ಎಲ್ಲವೂ ಉಂಟು. ಮಾರ್ಫೀನ್ ಹೆಚ್ಚಾದರೆ ರೋಗಿಯೇ ಹೋಗಿಬಿಡುತ್ತಾನೆ. ತಾತ ಅದನ್ನು ಬಹಳ ಹೊತ್ತು ನೋಡಿ, "ಇದನ್ನು ಮಾಡಿದವನು ಯಾರನ್ನೋ ಕೇಳಿಕೊಂಡು ಮಾಡಿದ್ದಾನೆ" ಎಂದರು. ಅವರ ಬಾಯಿಂದ ಬಂದ ಅತ್ಯುನ್ನತ ಪ್ರಶಂಸೆ ಅದು.

ವೈದ್ಯನಿದ್ದಲ್ಲಿಗೆ ಗಾಯಾಳು ಬರಬೇಕೆಂಬ ಈ ಪಾಠ ಹೊಸದೇನೂ ಅಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಯುಕ್ತಸೇನೀಯವೆಂಬ ಅಧ್ಯಾಯವೇ ಇದೆ. ದಂಡಿನ ಪಾಳೆಯದಲ್ಲಿ ವೈದ್ಯನ ಬಿಡಾರ ಅರಸನ ಬಿಡಾರದ ಪಕ್ಕದಲ್ಲೇ ಇರಬೇಕು. ವಿಷ, ಬಾಣ, ಕಾಯಿಲೆಗಳಿಂದ ನೊಂದವರು ದಾರಿ ತಪ್ಪದೆ ಬರುವಂತೆ ಅವನು ಧ್ವಜದ ಹಾಗೆ ಎಲ್ಲರ ಕಣ್ಣಿಗೂ ಕಾಣುತ್ತಿರಬೇಕೆಂಬುದು ಅಲ್ಲಿನ ಮಾತು. ರಾಮಾಯಣದ ಯುದ್ಧಕಾಂಡದಲ್ಲಿ ಇಂದ್ರಜಿತುವಿನ ಅಸ್ತ್ರಕ್ಕೆ ಕಪಿಸೇನೆಯೆಲ್ಲ ಉರುಳಿಬಿದ್ದ ರಾತ್ರಿ, ವಿಭೀಷಣನೂ ಹನುಮಂತನೂ ಕೈಯಲ್ಲಿ ಕೊಳ್ಳಿ ಹಿಡಿದು ಬಿದ್ದವರ ನಡುವೆ ಒಬ್ಬೊಬ್ಬರನ್ನೇ ನೋಡುತ್ತ ನಡೆಯುತ್ತಾರೆ. ಗಾಯದಿಂದ ಕಣ್ಣು ತೆರೆಯಲಾರದ ಜಾಂಬವಂತನು ದನಿಯಿಂದಲೇ ವಿಭೀಷಣನ ಗುರುತು ಹಿಡಿದು ಮೊದಲು ಕೇಳುವುದು, ಹನುಮಂತನು ಬದುಕಿದ್ದಾನೆಯೇ ಎಂದು. ಸಂಜೀವಿನಿಯ ಪರ್ವತ ಬಂದ ಪ್ರಸಂಗವನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಅದಕ್ಕೆ ಮುಂಚಿನ ಈ ಕೊಳ್ಳಿಯ ಬೆಳಕಿನ ನಡಿಗೆಯನ್ನು ಹೇಳುವುದು ಅಪರೂಪ. ಯೂರೋಪಿನಲ್ಲಿ ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರ್ರೆ, ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಮೊದಲು ಯಾರೆಂದು ನಿರ್ಧರಿಸುವ ಪದ್ಧತಿಯನ್ನು ತಂದನು. 1859ರ ಸಾಲ್ಫೆರಿನೊ ಯುದ್ಧದ ಗಾಯಾಳುಗಳನ್ನು ಕಂಡ ದುನಾನನ ಸಂಕಟದಿಂದ 1863ರಲ್ಲಿ ರೆಡ್ ಕ್ರಾಸ್ ಹುಟ್ಟಿತು.

ಆಟದಲ್ಲಿ ತಾತನಿಗೆ ಒಗ್ಗದ ಸಂಗತಿ ಒಂದೇ. ತುಕಡಿಯವನೊಬ್ಬ ಸತ್ತರೆ ಹುಡುಗನು ಒಂದು ಕ್ಷಣ ಹಲ್ಲು ಕಚ್ಚಿ, ಏನನ್ನೋ ಒತ್ತುತ್ತಿದ್ದ. ಪರದೆ ಕಪ್ಪಾಗಿ ಮತ್ತೆ ಬೆಳಗಾಗುತ್ತಿತ್ತು. ಸತ್ತವನು ಎದ್ದು ನಿಂತಿರುತ್ತಿದ್ದ.

"ಈಗೇನು ಮಾಡಿದೆ?"

"ಹಿಂದಕ್ಕೆ ಹೋದೆ ತಾತ. ಅವನಿಗೆ ಗುಂಡು ತಗುಲುವುದಕ್ಕೆ ಮುಂಚೆ ಕಾಪಿಟ್ಟಿದ್ದೆನಲ್ಲ, ಅಲ್ಲಿಗೆ."

ತಾತ ಸುಮ್ಮನಿದ್ದರು. ಆಮೇಲೆ ಕೇಳಿದರು: "ಎಷ್ಟು ಹಿಂದಕ್ಕೆ ಹೋಗಬಹುದು?"

"ಬೇಕಾದರೆ ಮೊದಲಿಂದಲೂ ಶುರುಮಾಡಬಹುದು."

ಅವರು ಎದ್ದು ಹೋದರು. ಅಂದು ತೆಂಗಿನ ಬುಡಕ್ಕೆ ಎರಡು ಸಲ ನೀರು ಬಿದ್ದಿತು.

ಈ ವಂಶದ ಆಟಗಳಲ್ಲಿ ಇನ್ನೊಂದು ಏರ್ಪಾಡಿದೆ. ಕಥೆಗೆ ಅದೇ ಮುಖ್ಯ. ತುಕಡಿಯವನೊಬ್ಬನು ದೂರದಲ್ಲೆಲ್ಲೋ ಸತ್ತರೆ ನಾಯಕನಿಗೆ ಕೂಡಲೇ ತಿಳಿಯುವುದಿಲ್ಲ. ಪರದೆಯ ಅಂಚಿನಲ್ಲಿ ಅವನ ಗುರುತು ಹಾಗೆಯೇ ಇರುತ್ತದೆ. ನಾಯಕನು "ವರದಿ ಮಾಡು" ಎಂದು ಕೇಳಬೇಕು. ಬದುಕಿದ್ದರೆ ಉತ್ತರ ಬರುತ್ತದೆ. ಉತ್ತರ ಬಾರದಿದ್ದರೆ, ಸ್ವಲ್ಪ ಹೊತ್ತು ಕಾದಮೇಲೆ, ಅವನು ಇಲ್ಲವೆಂದು ಲೆಕ್ಕ. ಕೇಳಿದವನಿಗೆ ಮಾತ್ರ ಗೊತ್ತಾಗುವ ಸಾವು ಅದು. ಹುಡುಗನು ಇದನ್ನು ವಿವರಿಸಿದಾಗ ತಾತ ಆಟವನ್ನು ನಿಲ್ಲಿಸೆಂದು ಸನ್ನೆ ಮಾಡಿದರು. ಐವತ್ತು ವರ್ಷ ಹೆಂಡತಿಗೂ ಹೇಳದಿದ್ದುದನ್ನು ಮೊಮ್ಮಗನಿಗೆ ಹೇಳಿದ್ದು ಆಗಲೇ.

1971ರ ಡಿಸೆಂಬರ್, ಶಕರ್‌ಗಢದ ಕಡೆ. ಎಲ್ಲೆಲ್ಲಿಯೂ ನೆಲಬಾಂಬುಗಳು. ತಾತನಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಒಂದು ರಾತ್ರಿ ಗಾಯಾಳುಗಳ ಠಾಣೆಗೆ ಮೂವರನ್ನು ಒಟ್ಟಿಗೆ ಹೊತ್ತು ತಂದರು. ಡಾಕ್ಟರು ನೋಡಿ ಇಬ್ಬರ ಕಡೆಗೆ ಬೆರಳು ತೋರಿಸಿದರು. ಮೂರನೆಯವನಿಗೆ ಎರಡು ಕಾಲೂ ಇರಲಿಲ್ಲ. ಪ್ರಜ್ಞೆ ಮಾತ್ರ ಇತ್ತು. ಅವನು ತಾತನ ತೋಳು ಹಿಡಿದುಕೊಂಡ. "ಈಗ ಬಂದೆ" ಎಂದು ಹಿಂದಿಯಲ್ಲಿ ಹೇಳಿ, ಕೈ ಬಿಡಿಸಿಕೊಂಡು ಇವರು ಉಳಿದಿಬ್ಬರ ಬಳಿಗೆ ಹೋದರು. ಇಬ್ಬರೂ ಬದುಕಿದರು. ಹಿಂದಿರುಗಿ ಬಂದಾಗ ಮೂರನೆಯವನು ಮಾತಾಡಲಿಲ್ಲ.

"ಡಾಕ್ಟರು ಹೇಳಿದ್ದು ಸರಿಯೇ ಅಲ್ಲವೇ ತಾತ?"

"ಸರಿಯೇ. ಅದಲ್ಲಪ್ಪ. ಈಗ ಬಂದೆ ಎಂದಿದ್ದೆನಲ್ಲ."

ಹುಡುಗನು ಆಮೇಲೂ ಆಟವನ್ನು ಬಿಡಲಿಲ್ಲ. ಬಿಟ್ಟನೆಂದು ಬರೆದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಹಿಂದಕ್ಕೆ ಹೋಗುವ ಕೀಲಿಯನ್ನೂ ಪೂರ್ತಿಯಾಗಿ ಬಿಡಲಿಲ್ಲ. ಐದು ನಿಮಿಷಕ್ಕೊಮ್ಮೆ ವರದಿ ಕೇಳುವ ಅಭ್ಯಾಸವೊಂದು ಅಂಟಿಕೊಂಡಿತು, ಅಷ್ಟೆ.

2022ರ ಸೆಪ್ಟೆಂಬರಿನಲ್ಲಿ, 1933ರಿಂದೀಚೆಗೆ ಮೊದಲ ಬಾರಿಗೆ, ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಎಂಬತ್ತೊಂಬತ್ತು ವರ್ಷಗಳ ಮೇಲೆ ಮಾರಿಕಣಿವೆಯಲ್ಲಿ ನೀರು ಉಕ್ಕಿದ್ದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಹೊರಟಿತು. ಹುಡುಗನೂ ದುರ್ಗದಿಂದ ಬಂದು ತಾತನನ್ನು ಕರೆದುಕೊಂಡು ಹೋಗಿ ಕೋಡಿ ತೋರಿಸಿದ. ಮನೆಗೆ ಬಂದು, ನೆನೆದಿದ್ದ ಅಂಗಳದಲ್ಲಿ ಚಪ್ಪಲಿ ಬಿಡುವಾಗ ತಾತ ಜಾರಿದರು.

ಹುಡುಗನು ಹೋಗಿ ಕಂಕುಳಿಗೆ ಕೈ ಹಾಕಿದ.

"ಎತ್ತಬೇಡ!" ದನಿ ಗಟ್ಟಿಯಾಗಿಯೇ ಇತ್ತು. "ಮೊದಲು ನೋಡು. ಬಲಗಾಲು ಗಿಡ್ಡವಾಗಿ ಕಾಣುತ್ತದೆಯೇ? ಪಾದ ಹೊರಕ್ಕೆ ತಿರುಗಿದೆಯೇ?"

"ಹೌದು ತಾತ."

"ಹಾಗಾದರೆ ಸೊಂಟದ ಹತ್ತಿರ ಮೂಳೆ ಮುರಿದಿದೆ. 108ಕ್ಕೆ ಫೋನು ಮಾಡು. ಅಜ್ಜಿಗೆ ಹೇಳು, ಅಳುವುದಾದರೆ ಒಳಗೆ ಹೋಗಿ ಅಳಲಿ, ಒಂದು ಕಂಬಳಿ ತರಲಿ."

ಆ ಒಂದು ಗಳಿಗೆಯಲ್ಲಿ ತನ್ನ ಬೆರಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತೆಂದು ಹುಡುಗನು ತಾಯಿಯ ಬಳಿ ಮುಂದೊಂದು ದಿನ ಹೇಳಿದನಂತೆ. ಆ್ಯಂಬುಲೆನ್ಸ್ ಬರುವವರೆಗೂ ಅವನು ಅಂಗಳದ ಕೆಸರಿನಲ್ಲಿಯೇ ಕುಳಿತಿದ್ದ. ತಾತ ಅವನ ತೋಳು ಹಿಡಿದುಕೊಂಡಿದ್ದರು. ಅಜ್ಜಿ ಒಳಗಿನಿಂದ ದುಡ್ಡಿನ ಚೀಲ ತರಲು ಕರೆದಾಗಲೂ ಅವನು ಏಳಲಿಲ್ಲ.

ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೂರು ತಿಂಗಳಲ್ಲಿ ತಾತ ವಾಕರ್ ಹಿಡಿದು ಹಜಾರದಿಂದ ಜಗಲಿಗೆ ಬರುವಂತಾದರು. ತಮ್ಮ ನೋವನ್ನು ಯಾರಿಗೂ ಹೇಳದ ಜಾತಿಯವರು; ಮಗ ಫೋನು ಮಾಡಿದರೆ "ಚೆನ್ನಾಗಿದ್ದೇನೆ", ಮಗಳು ಮಾಡಿದರೆ "ಬಹಳ ಚೆನ್ನಾಗಿದ್ದೇನೆ". ನಿಜ ತಿಳಿಯಲು ಹುಡುಗನು ಉಪಾಯವೊಂದನ್ನು ಕಂಡುಕೊಂಡ. ಪ್ರತಿ ಸಂಜೆ ಆರೂವರೆಗೆ ಹಿರಿಯೂರಿಗೆ ಫೋನು ಮಾಡಿ, ಕುಶಲಪ್ರಶ್ನೆಯಿಲ್ಲದೆ, "ಎರಡು, ವರದಿ ಮಾಡು" ಎನ್ನುತ್ತಿದ್ದ. ಅತ್ತಲಿಂದ ಸೈನ್ಯದ ದನಿಯಲ್ಲಿ ಉತ್ತರ ಬರುತ್ತಿತ್ತು: "ಎರಡು. ಗಾಯವಿದೆ. ನಡೆಯಬಲ್ಲೆ." ಕೆಲವು ದಿನ: "ಎರಡು. ನಿನ್ನೆ ರಾತ್ರಿ ನಿದ್ರೆಯಿಲ್ಲ. ಮಾತ್ರೆ ಮುಗಿದಿದೆ." ಕೂಡಲೇ ಹೊಳಲ್ಕೆರೆಗೆ ಸುದ್ದಿ ಹೋಗುತ್ತಿತ್ತು, ಮಾರನೆಯ ದಿನದ ಬಸ್ಸಿಗೆ ಔಷಧ ಬರುತ್ತಿತ್ತು. ಮಗನಿಗೂ ಮಗಳಿಗೂ ಸಿಕ್ಕದ ಸತ್ಯ ಆಟದ ಭಾಷೆಗೆ ಸಿಕ್ಕಿತು. ವೃದ್ಧರ ಅಭಿಮಾನವನ್ನು ಕೆಣಕದೆ ಅವರ ನೋವನ್ನು ಕೇಳುವುದಕ್ಕೆ ನಮ್ಮ ಮನೆಗಳಲ್ಲಿ ಇನ್ನೂ ತಕ್ಕ ಮಾತು ಹುಟ್ಟಬೇಕಾಗಿದೆ.

ಜನವರಿಯ ಒಂದು ಸಂಜೆ ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಆರೂವರೆ, ಆರು ಮುಕ್ಕಾಲು, ಏಳು. ಅಜ್ಜಿ ಬೆಳಗ್ಗೆ ಹೊಸದುರ್ಗಕ್ಕೆ ಹೋದವರು ಹಿಂದಿರುಗುವ ಬಸ್ಸು ತಪ್ಪಿಸಿಕೊಂಡು ಅಲ್ಲಿಯೇ ಉಳಿದಿದ್ದಾರೆಂದು ತಾಯಿ ಹೇಳಿದರು. ಹುಡುಗನು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದ. ದುರ್ಗದಿಂದ ಹಿರಿಯೂರು ಸುಮಾರು ನಲವತ್ತು ಕಿಲೋಮೀಟರು. ಅಂದು ಆ ದಾರಿಯಲ್ಲಿ ಅವನಿಗೆ ಕಂಡದ್ದು ಹೆದ್ದಾರಿಯ ಲಾರಿಗಳೂ ಅಲ್ಲ, ಬೆಟ್ಟದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳೂ ಅಲ್ಲ. ಪರದೆಯ ಅಂಚಿನಲ್ಲಿ ಹಾಗೆಯೇ ನಿಂತಿರುವ ಎರಡು ಎಂಬ ಅಂಕೆ. ಹತ್ತು ಸಲ ಫೋನು ಮಾಡಿದ. ಬಸ್ಸಿಳಿದು ಕತ್ತಲೆಯಲ್ಲಿ ಓಡಿ ಮನೆಯ ಬಾಗಿಲು ತಳ್ಳಿದ.

ತಾತ ಗೋಡೆಗೊರಗಿ ಕುರ್ಚಿಯ ಮೇಲೆ ಕುಳಿತಿದ್ದರು. ಪಕ್ಕದ ಮನೆಯಾಕೆ ತಂದಿಟ್ಟ ರಾಗಿಮುದ್ದೆಯನ್ನು ನಿಧಾನವಾಗಿ ಮುರಿಯುತ್ತಿದ್ದರು.

"ಯಾಕೆ ತಾತ, ವರದಿಯೇ ಬರಲಿಲ್ಲ?" ಎಂದ, ಏದುಸಿರಿನಲ್ಲಿ.

"ಫೋನು ಹೊಸದುರ್ಗಕ್ಕೆ ಹೋಗಿದೆ ಕಣೋ. ನಿಮ್ಮಜ್ಜಿ ತನ್ನದೆಂದು ನನ್ನದನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಅವಳ ಕಿವಿಗೆ ಅದು ಕೇಳಿಸಬೇಕಲ್ಲ." ತಾತ ಅವನ ಮುಖವನ್ನು ನೋಡಿದರು, ಆಮೇಲೆ ತಟ್ಟೆಯ ಕಡೆ ನೋಡಿದರು. "ಆರೂವರೆಗೆ ನಾನು ಹೇಳಿದೆ. ಗೋಡೆಗೆ ಹೇಳಿದೆ. ಕೈತೊಳೆದುಕೊಂಡು ಬಾ, ಇನ್ನೊಂದು ಮುದ್ದೆ ಇದೆ."